ಹ್ಯಾಂಡ್‌ಬ್ರೇಕ್ ವಿಮರ್ಶೆ: ಸ್ಟಾರ್ಟ್ ಒತ್ತುವ ಮೊದಲು ನೋಡಬೇಕಾದ ಸೆಟ್ಟಿಂಗ್‌ಗಳು

ಮನೆಯ ಹಳೆಯ ಡಿವಿಡಿಗಳು, ಮಿನಿ ಡಿವಿ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿದ ಫೈಲ್‌ಗಳು, ಫೋನಿನಲ್ಲಿ ತೆಗೆದ 4ಕೆ ವಿಡಿಯೊಗಳು. ಇವನ್ನೆಲ್ಲ ಟಿವಿ, ಫೋನ್, ಪೆನ್‌ಡ್ರೈವ್ ಎಲ್ಲ ಕಡೆ ಓಡುವ ಚಿಕ್ಕ ಫೈಲಾಗಿ ಮಾಡಿಕೊಳ್ಳಲು ಉಚಿತ ಸಾಫ್ಟ್‌ವೇರ್‌ಗಳಲ್ಲಿ ಮೊದಲು ಸೂಚಿಸಬೇಕಾದದ್ದು ಹ್ಯಾಂಡ್‌ಬ್ರೇಕ್. ಎನ್‌ಕೋಡಿಂಗ್, ಅಂದರೆ ವಿಡಿಯೊವನ್ನು ಕುಗ್ಗಿಸಿ ಬರೆಯುವ ಕೆಲಸದ ಗುಣಮಟ್ಟದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ಕನ್ವರ್ಟರ್‌ಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಇದರ ಪ್ರಿಸೆಟ್‌ಗಳು (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್‌ಗಳ ಕಟ್ಟುಗಳು) ಬಳಸುವವರನ್ನು ಕೇಳದೆಯೇ ಕೆಲವು ತೀರ್ಮಾನ ತೆಗೆದುಕೊಳ್ಳುತ್ತವೆ. ಮೊದಲಿಗೆ ತೆರೆದುಕೊಳ್ಳುವ ‘ಫಾಸ್ಟ್ 1080ಪಿ30’ ಪ್ರಿಸೆಟ್ ಚಿತ್ರವನ್ನು 1080ಪಿಗೆ ಇಳಿಸುತ್ತದೆ, ಸೆಕೆಂಡಿಗೆ 30ಕ್ಕಿಂತ ಹೆಚ್ಚಿನ ಫ್ರೇಮ್ ಇದ್ದರೆ ಕತ್ತರಿಸುತ್ತದೆ, ಕಪ್ಪು ಅಂಚು ಎಂದು ತನಗೆ ಕಂಡದ್ದನ್ನು ತೆಗೆದುಹಾಕುತ್ತದೆ, 5.1 (ಆರು ಚಾನೆಲ್‌ನ) ಧ್ವನಿಯನ್ನು ಸ್ಟೀರಿಯೊಗೆ ಕೂಡಿಸಿಬಿಡುತ್ತದೆ. ಇದರ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ಹಾಗಾಗಿ ಈ ವಿಮರ್ಶೆಯ ಹೆಚ್ಚು ಭಾಗ ಆ ಸೆಟ್ಟಿಂಗ್‌ಗಳ ಮೇಲೆಯೇ ಇದೆ.

ಎರಿಕ್ ಪೆಟಿ 2003ರಲ್ಲಿ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಬರೆದ ತಂತ್ರಾಂಶ ಇದು. 1.0 ಆವೃತ್ತಿ ಹೊರಬಂದದ್ದು 2016ರ ಡಿಸೆಂಬರ್ 24ರಂದು. ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಫೋನಿಗೆ ಇಲ್ಲ, ಆ ಹೆಸರಿನಲ್ಲಿ ಆ್ಯಪ್ ಕಂಡರೆ ಅದು ಇವರದಲ್ಲ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಎಂಬ ಪೂರಕ ತಂತ್ರಾಂಶ ಮೊದಲೇ ಇರಬೇಕು, ಇಲ್ಲದಿದ್ದರೆ ತಂತ್ರಾಂಶ ತೆರೆಯುವುದೇ ಇಲ್ಲ. ಡೌನ್‌ಲೋಡ್ ಅಧಿಕೃತ ತಾಣ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್‌ನಿಂದಲೇ ಆಗಲಿ. 2017ರ ಮೇ ಮೊದಲ ವಾರದಲ್ಲಿ ಇದರ ಒಂದು ಡೌನ್‌ಲೋಡ್ ಸರ್ವರ್‌ಗೆ ನುಗ್ಗಿದವರು ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಕುತಂತ್ರಾಂಶ ಸೇರಿಸಿದ ಫೈಲ್ ಇಟ್ಟಿದ್ದರು. ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ತಿಳಿಸುವ ಗುರುತು ಸಂಖ್ಯೆ) ಜೊತೆ ಇಳಿಸಿಕೊಂಡ ಫೈಲನ್ನು ಹೋಲಿಸಿ ನೋಡಲು ಒಂದು ನಿಮಿಷ ಸಾಕು.

ಇದು ಯಾವ ಕೆಲಸಕ್ಕೆ, ಯಾವುದಕ್ಕೆ ಅಲ್ಲ

ಎಂಪಿ4, ಎಂಕೆವಿ, ವೆಬ್‌ಎಂ ಎನ್ನುವುದು ಕಂಟೇನರ್, ಅಂದರೆ ಚಿತ್ರ, ಧ್ವನಿಗಳನ್ನು ಒಟ್ಟಿಗೆ ಇಡುವ ಡಬ್ಬಿ. ಒಳಗಿರುವ ಚಿತ್ರ ಯಾವ ಕೋಡೆಕ್‌ನಲ್ಲಿದೆ ಎಂಬುದು ಬೇರೆ ವಿಷಯ. ಎಚ್.264, ಎಚ್.265, ಎವಿ1 ಇವು ಕೋಡೆಕ್‌ಗಳು, ಅಂದರೆ ಚಿತ್ರವನ್ನು ಕುಗ್ಗಿಸುವ ವಿಧಾನಗಳು. ಹ್ಯಾಂಡ್‌ಬ್ರೇಕ್‌ನಲ್ಲಿ ಕಂಟೇನರ್ ‘ಸಮರಿ’ ಟ್ಯಾಬಿನ ‘ಫಾರ್ಮ್ಯಾಟ್’ನಲ್ಲಿದೆ, ಕೋಡೆಕ್ ‘ವಿಡಿಯೊ’ ಟ್ಯಾಬಿನ ‘ಎನ್‌ಕೋಡರ್’ನಲ್ಲಿದೆ. ಟಿವಿಯಲ್ಲಿ ಎಂಕೆವಿ ಓಡುತ್ತಿಲ್ಲ, ಎಂಪಿ4 ಬೇಕು ಅನ್ನುವಷ್ಟೇ ಸಮಸ್ಯೆಯಾದರೆ ಹ್ಯಾಂಡ್‌ಬ್ರೇಕ್ ಮುಟ್ಟಬೇಡಿ. ಇದು ಚಿತ್ರವನ್ನು ಇದ್ದ ಹಾಗೆ ನಕಲಿಸುವುದಿಲ್ಲ. ಪ್ರತಿ ಸಲವೂ ಬಿಚ್ಚಿ ಮತ್ತೆ ಕುಗ್ಗಿಸುತ್ತದೆ, ಪ್ರತಿ ಸಲವೂ ಒಂದಿಷ್ಟು ಗುಣಮಟ್ಟ ಕಳೆಯುತ್ತದೆ. ಧ್ವನಿಗೆ ಪಾಸ್‌ಥ್ರೂ (ಇದ್ದ ಹಾಗೆ ದಾಟಿಸುವ ಆಯ್ಕೆ) ಇದೆ, ಚಿತ್ರಕ್ಕೆ ಇಲ್ಲ. ಬರೀ ಕಂಟೇನರ್ ಬದಲಿಸಲು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದ ಕಾಪಿ ವಿಧಾನ ಅಥವಾ ಲಾಸ್‌ಲೆಸ್‌ಕಟ್ ಸಾಕು. ಅವು ಚಿತ್ರವನ್ನು ಮುಟ್ಟುವುದಿಲ್ಲ, ಕೆಲಸವೂ ಕ್ಷಣದಲ್ಲಿ ಮುಗಿಯುತ್ತದೆ. ಕಾಪಿ ರಕ್ಷಣೆ ಇರುವ ಅಂಗಡಿಯ ಸಿನಿಮಾ ಡಿಸ್ಕ್‌ಗಳನ್ನೂ ಇದು ಬಿಡಿಸುವುದಿಲ್ಲ.

ಮದುವೆಯದೋ ಯಕ್ಷಗಾನದ ಆಟದ್ದೋ ಡಿವಿಡಿ ಇದ್ದರೆ ಮೊದಲು ಇಡೀ ಡಿಸ್ಕನ್ನು ಹಾರ್ಡ್‌ಡಿಸ್ಕಿಗೆ ನಕಲಿಸಿಕೊಳ್ಳಿ. ಗೀರು ಬಿದ್ದ ಡಿಸ್ಕನ್ನು ನೇರವಾಗಿ ಹ್ಯಾಂಡ್‌ಬ್ರೇಕಿಗೆ ಕೊಟ್ಟರೆ ಓದಲಾಗದ ಜಾಗದಲ್ಲಿ ಕೆಲಸ ನಿಂತುಬಿಡಬಹುದು, ಇಲ್ಲವೇ ತುಣುಕು ಬಿಟ್ಟುಹೋಗಿ ಅಲ್ಲಿಂದ ಮುಂದೆ ಧ್ವನಿ ಸರಿಯಬಹುದು. ನಕಲಾದ ಮೇಲೆ ‘ಓಪನ್ ಸೋರ್ಸ್’ನಲ್ಲಿ ವಿಡಿಯೊ_ಟಿಎಸ್ ಎಂಬ ಫೋಲ್ಡರನ್ನೇ ಆರಿಸಿ. ಒಳಗಿನ 1 ಜಿಬಿ ಗಾತ್ರದ ವಿಓಬಿ ಫೈಲ್‌ಗಳನ್ನು ಒಂದೊಂದಾಗಿ ತೆರೆದರೆ ಅಧ್ಯಾಯಗಳೂ ಸಿಗುವುದಿಲ್ಲ, ಕೂಡುವ ಜಾಗದಲ್ಲಿ ಮಾತು ತುಂಡಾಗುತ್ತದೆ. ಫೋಲ್ಡರ್ ಕೊಟ್ಟರೆ ಡಿಸ್ಕಿನ ಟೈಟಲ್‌ಗಳ ಪಟ್ಟಿ ಬರುತ್ತದೆ. ಅವಧಿ ನೋಡಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಇಂಟರ್‌ಲೇಸ್: ಹಳೆಯ ರೆಕಾರ್ಡಿಂಗ್‌ಗಳು ಕೆಡುವುದು ಇಲ್ಲೇ

ನಮ್ಮ ದೇಶದ ಟಿವಿ ಪದ್ಧತಿ ಪಾಲ್. ಡಿವಿಡಿಯಲ್ಲಿ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್. ವಿಡಿಯೊ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಒಂದೊಂದು ಫ್ರೇಮಿನಲ್ಲೂ ಎರಡು ಫೀಲ್ಡ್‌ಗಳಿರುತ್ತವೆ, ಇದೇ ಇಂಟರ್‌ಲೇಸ್. ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಸೆಕೆಂಡಿನ 50ನೇ ಒಂದು ಭಾಗದಷ್ಟು ನಂತರದವು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇವನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿತ್ತು. ಕಂಪ್ಯೂಟರ್ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಕೈ ಬೀಸಿದಲ್ಲಿ, ತಲೆ ತಿರುಗಿಸಿದಲ್ಲಿ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗುತ್ತದೆ. ಇದನ್ನು ಸರಿಪಡಿಸದೆ ಕುಗ್ಗಿಸಿದರೆ ಆ ಹಲ್ಲುಗಳು ಚಿತ್ರದ ಭಾಗವೇ ಆಗಿ ಉಳಿದುಬಿಡುತ್ತವೆ. ಅಳತೆಯನ್ನೂ ಬದಲಿಸಿದ್ದರಂತೂ ಆಮೇಲೆ ತೆಗೆಯಲು ದಾರಿಯೇ ಇಲ್ಲ.

ಪ್ರಿಸೆಟ್‌ನಲ್ಲಿ ‘ಇಂಟರ್‌ಲೇಸ್ ಡಿಟೆಕ್ಷನ್’ ಮತ್ತು ‘ಡಿಕೋಂಬ್’ ಮೊದಲೇ ಚಾಲೂ ಇರುತ್ತವೆ. ಸೀಳಿದ ಫ್ರೇಮ್ ಕಂಡಾಗ ಮಾತ್ರ ಸರಿಪಡಿಸುವ ಈ ವಿಧಾನ ಭಾಷಣ, ಕೂತು ಹಾಡುವ ಕಛೇರಿ, ಆರತಕ್ಷತೆಯಂಥ ನಿಧಾನದ ದೃಶ್ಯಗಳಿಗೆ ಸಾಕು. ಔಟ್‌ಪುಟ್ 25 ಫ್ರೇಮ್ ಬರುತ್ತದೆ. ಆದರೆ ಯಕ್ಷಗಾನದ ರೆಕಾರ್ಡಿಂಗ್ ತೆಗೆದುಕೊಳ್ಳಿ. ದಿಗಿಣ ಹೊಡೆಯುವಾಗ, ಸುತ್ತು ಹಾಕುವಾಗ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳು ಮೂಲದಲ್ಲಿ ದಾಖಲಾಗಿರುತ್ತವೆ. 25ಕ್ಕೆ ಇಳಿಸಿದರೆ ಅರ್ಧ ಚಲನೆ ಹೋಯಿತು. ಕುಣಿತದ ಆ ನುಣುಪನ್ನು ಕಳೆದುಕೊಳ್ಳುವುದು ನಿಜಕ್ಕೂ ನಷ್ಟ. ಇಂಥದ್ದಕ್ಕೆ ‘ಬಾಬ್’ ಬೇಕು: ಒಂದೊಂದು ಫೀಲ್ಡನ್ನೂ ಪೂರ್ತಿ ಫ್ರೇಮಾಗಿ ಬೆಳೆಸಿ 50 ಫ್ರೇಮ್ ಕೊಡುವ ವಿಧಾನ.

‘ಫಿಲ್ಟರ್ಸ್’ ಟ್ಯಾಬಿನಲ್ಲಿ ಇಂಟರ್‌ಲೇಸ್ ಡಿಟೆಕ್ಷನ್ ಆಫ್ ಮಾಡಿ. ಡಿಇಂಟರ್‌ಲೇಸ್‌ನಲ್ಲಿ ಯಾಡಿಫ್ ಅಥವಾ, ಈಚಿನ ಆವೃತ್ತಿಗಳಲ್ಲಿರುವ, ಬಿಡಬ್ಲ್ಯೂಡಿಫ್ ಆರಿಸಿ ಅದರ ಪ್ರಿಸೆಟ್ ‘ಬಾಬ್’ ಮಾಡಿ. ಆಮೇಲೆ ‘ವಿಡಿಯೊ’ ಟ್ಯಾಬಿಗೆ ಬಂದು ಫ್ರೇಮ್‌ರೇಟ್ 50, ಕಾನ್‌ಸ್ಟಂಟ್ ಎಂದು ಮಾಡಿ. ಮರೆಯುವುದು ಈ ಕೊನೆಯ ಹೆಜ್ಜೆಯನ್ನೇ. ಪ್ರಿಸೆಟ್‌ನ 30ರ ಮಿತಿ ಹಾಗೇ ಉಳಿದರೆ ಬಾಬ್ ಕೊಟ್ಟ 50 ಫ್ರೇಮ್‌ಗಳಲ್ಲಿ 20 ಬಿದ್ದುಹೋಗುತ್ತವೆ. 50ಕ್ಕೂ 30ಕ್ಕೂ ಸರಿಯಾದ ಭಾಗಾಕಾರ ಕೂಡುವುದಿಲ್ಲವಾದ್ದರಿಂದ ಬೀಳುವ ಅಂತರ ಒಂದೇ ಸಮ ಇರುವುದಿಲ್ಲ. ಕುಣಿತ ಅಲ್ಲಲ್ಲಿ ತಡವರಿಸಿದಂತೆ ಕಾಣುತ್ತದೆ. ಡಿಟೆಕ್ಷನ್ ಆನ್ ಇದ್ದು ಬಾಬ್ ಹಾಕಿದರೂ ತೊಂದರೆ: ಕೆಲವು ಫ್ರೇಮ್ ಎರಡಾಗಿ, ಕೆಲವು ಹಾಗೇ ಉಳಿದು ವೇಗ ಏರುಪೇರಾಗುತ್ತದೆ. 50 ಫ್ರೇಮ್ ಎಂದರೆ ಫೈಲ್ ಎರಡು ಪಟ್ಟಾಗುತ್ತದೆ ಎಂಬ ಭಯ ಬೇಡ. ಪಕ್ಕಪಕ್ಕದ ಫ್ರೇಮ್‌ಗಳು ಹೆಚ್ಚು ಹೋಲುವುದರಿಂದ ಏರಿಕೆ ಅದಕ್ಕಿಂತ ಸಾಕಷ್ಟು ಕಡಿಮೆ.

ಬಾಬ್ ಮಾಡಿದ ಮೇಲೆ ಚಲನೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗುತ್ತಿದ್ದರೆ ಫೀಲ್ಡ್‌ಗಳ ಕ್ರಮ ತಿರುವುಮುರುವಾಗಿದೆ ಎಂದರ್ಥ. ಪಾಲ್ ಮಿನಿ ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ಡಿವಿಡಿಯಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಕ್ಯಾಪ್ಚರ್ ಮಾಡಿದ ತಂತ್ರಾಂಶ ಅದನ್ನು ತಪ್ಪಾಗಿ ಗುರುತಿಸಿದ್ದರೆ ಹೀಗಾಗುತ್ತದೆ. ಡಿಇಂಟರ್‌ಲೇಸ್‌ನ ‘ಕಸ್ಟಮ್’ನಲ್ಲಿ ಪ್ಯಾರಿಟಿ ಬದಲಿಸಿದರೆ ಸರಿಹೋಗುತ್ತದೆ.

ಅಳತೆಯ ವಿಷಯ ಚಿಕ್ಕದು. 720×576 ಪಿಕ್ಸೆಲ್‌ಗಳು ಚೌಕಾಕಾರದವಲ್ಲ. 4:3 ಚಿತ್ರ ಪರದೆಯ ಮೇಲೆ 768×576ರಂತೆ, 16:9 ಆದರೆ 1024×576ರಂತೆ ಹಿಗ್ಗಬೇಕು. ‘ಡೈಮೆನ್ಷನ್ಸ್’ನಲ್ಲಿ ಅನಾಮಾರ್ಫಿಕ್ ‘ಆಟೊಮ್ಯಾಟಿಕ್’ ಇದ್ದರೆ ಆ ಸೂಚನೆ ಫೈಲಿನಲ್ಲೇ ಕೂರುತ್ತದೆ. ಪೆನ್‌ಡ್ರೈವ್ ಹಾಕಿ ನೋಡುವ ಕೆಲವು ಟಿವಿಗಳು ಈ ಸೂಚನೆಯನ್ನು ಲೆಕ್ಕಿಸದೆ ಮುಖಗಳನ್ನು ಕಿರಿದಾಗಿಯೋ ಅಗಲವಾಗಿಯೋ ತೋರಿಸುತ್ತವೆ. ಅಂಥ ಟಿವಿಗೆ ಅನಾಮಾರ್ಫಿಕ್ ‘ನನ್’ ಮಾಡಿ ನೇರವಾಗಿ 768×576 (16:9 ಆದರೆ 1024×576) ಕೊಡಿ. ಕ್ರಾಪ್ ವಿಷಯದಲ್ಲಿ ಆಟೊಮ್ಯಾಟಿಕ್ ನಂಬಬೇಡಿ. ಅದು ಫೈಲಿನ ಅಲ್ಲಲ್ಲಿನ ಕೆಲವು ಫ್ರೇಮ್ ನೋಡಿ ಕಪ್ಪು ಅಂಚು ಎಷ್ಟೆಂದು ಊಹಿಸುತ್ತದೆ. ರಾತ್ರಿ ಬಯಲಾಟದ ರೆಕಾರ್ಡಿಂಗಿನಲ್ಲಿ ರಂಗಸ್ಥಳದ ಸುತ್ತ ಕತ್ತಲೆಯೇ ಇರುವುದರಿಂದ ಚಿತ್ರವೇ ಕತ್ತರಿಸಿಹೋಗಬಹುದು. ‘ನನ್’ ಮಾಡಿಟ್ಟು, ಅಂಚು ನಿಜವಾಗಿಯೂ ಇದ್ದರೆ ಪ್ರಿವ್ಯೂ ನೋಡಿ ಕೈಯಾರೆ ಅಂಕಿ ಕೊಡುವುದು ಮೇಲು.

ಆರ್‌ಎಫ್ ಅಂಕಿ ಮತ್ತು ಫೈಲಿನ ಗಾತ್ರ

‘ಕಾನ್‌ಸ್ಟಂಟ್ ಕ್ವಾಲಿಟಿ’ಯ ಪಕ್ಕದ ಆರ್‌ಎಫ್ ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಗಾತ್ರವೂ ಹೆಚ್ಚು. ಎಚ್.264 ಬರೆಯುವ ಎನ್‌ಕೋಡರಾದ ಎಕ್ಸ್264ರಲ್ಲಿ 6 ಅಂಕಿ ಏರಿಸಿದರೆ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಬಿಟ್‌ಗಳು) ಸುಮಾರು ಅರ್ಧಕ್ಕಿಳಿಯುತ್ತದೆ. ಹ್ಯಾಂಡ್‌ಬ್ರೇಕ್‌ನವರೇ ಸೂಚಿಸುವ ವ್ಯಾಪ್ತಿ ಹೀಗಿದೆ: ಡಿವಿಡಿ ಅಳತೆಗೆ 18ರಿಂದ 22, 720ಪಿಗೆ 19ರಿಂದ 23, 1080ಪಿಗೆ 20ರಿಂದ 24, 4ಕೆಗೆ 22ರಿಂದ 28. ಚಿಕ್ಕ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸಿ ನೋಡುವಾಗ ದೋಷಗಳೂ ಹಿಗ್ಗುತ್ತವೆ, ಅದಕ್ಕೇ ಡಿವಿಡಿಗೆ ಕಡಿಮೆ ಅಂಕಿ. ಮತ್ತೆ ಸಿಗದ ಕುಟುಂಬದ ರೆಕಾರ್ಡಿಂಗ್ ಆದರೆ 18 ಇಡಿ. ಒಂದು ಸಲ ನೋಡಿ ಅಳಿಸುವುದಾದರೆ 22 ಸಾಕು. ಹಾಗಂತ 0 ಇಡಬೇಡಿ: ಎಕ್ಸ್264ರಲ್ಲಿ ಅದು ಏನನ್ನೂ ಕಳೆಯದ ಲಾಸ್‌ಲೆಸ್ ವಿಧಾನ, ಫೈಲ್ ಮೂಲಕ್ಕಿಂತ ಹಲವು ಪಟ್ಟು ಬೆಳೆಯುತ್ತದೆ, ಟಿವಿಗಳಲ್ಲೂ ಓಡುವುದಿಲ್ಲ.

ಕುಗ್ಗಿಸಲು ಹೋದರೆ ಫೈಲ್ ಮೂಲಕ್ಕಿಂತ ದೊಡ್ಡದಾಯಿತು ಎನ್ನುವವರು ತುಂಬ ಮಂದಿ. ಇದಕ್ಕೆ ಕಾರಣ ನಾಯ್ಸ್. ಮಂದ ಬೆಳಕಿನಲ್ಲಿ ಕ್ಯಾಮೆರಾ ಸಿಗ್ನಲನ್ನು ಹಿಗ್ಗಿಸಿದಾಗ ಚಿತ್ರದ ತುಂಬ ಕಾಳುಕಾಳಾದ ಚುಕ್ಕೆಗಳು ಏಳುತ್ತವೆ. ಅವು ಫ್ರೇಮಿನಿಂದ ಫ್ರೇಮಿಗೆ ಬೇರೆ ಬೇರೆ. ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸುವುದೇ ಎನ್‌ಕೋಡರ್‌ನ ಜಾಣ್ಮೆ. ಊಹಿಸಲಾಗದ ಈ ಚುಕ್ಕೆಗಳನ್ನೂ ‘ಇದೇ ಗುಣಮಟ್ಟ ಬೇಕು’ ಎಂದು ಕೇಳಿದರೆ ಅದು ಬಿಟ್‌ಗಳನ್ನು ಸುರಿಯುತ್ತಲೇ ಹೋಗುತ್ತದೆ. ಪರಿಹಾರ ‘ಡಿನಾಯ್ಸ್’ ಫಿಲ್ಟರ್. ಎನ್‌ಎಲ್‌ಮೀನ್ಸ್ ‘ಅಲ್ಟ್ರಾಲೈಟ್’ ಅಥವಾ ‘ಲೈಟ್’ ಒಳ್ಳೆಯದು, ಆದರೆ ತುಂಬ ನಿಧಾನ. ಎಚ್‌ಕ್ಯೂಡಿಎನ್3ಡಿ ಬೇಗ ಮುಗಿಸುತ್ತದೆ. ‘ಸ್ಟ್ರಾಂಗ್’ ಹಾಕಿದರೆ ಮುಖದ ಚರ್ಮ ಮೇಣ ಮೆತ್ತಿದಂತಾಗಿ, ರೇಷ್ಮೆ ಸೀರೆಯ ಜರಿ ಮಾಯವಾಗುತ್ತದೆ.

ಪೂರ್ತಿ ಎನ್‌ಕೋಡ್ ಮಾಡಿ ಕಾಯುವ ಬದಲು ‘ರೇಂಜ್’ನಲ್ಲಿ ಸೆಕೆಂಡ್ಸ್ ಆರಿಸಿ 600ರಿಂದ 660 ಎಂದು ಕೊಟ್ಟು ಒಂದು ನಿಮಿಷದ ತುಣುಕು ತೆಗೆದು ನೋಡಿ. ಹೆಚ್ಚು ಚಲನೆ ಇರುವ, ಹೆಚ್ಚು ಕತ್ತಲಿರುವ ಜಾಗವನ್ನೇ ಆರಿಸಿ. ಬಂದ ಗಾತ್ರವನ್ನು ಒಟ್ಟು ನಿಮಿಷಗಳಿಂದ ಗುಣಿಸಿದರೆ ಇಡೀ ಫೈಲ್ ಹೆಚ್ಚೆಂದರೆ ಎಷ್ಟಾದೀತು ಎಂಬ ಅಂದಾಜು ಸಿಗುತ್ತದೆ.

ಇಷ್ಟೇ ಗಾತ್ರ ಬೇಕು ಎಂದು ನೇರವಾಗಿ ಹೇಳುವ ಆಯ್ಕೆ ಇದರಲ್ಲಿಲ್ಲ. ಲೆಕ್ಕ ನಾವೇ ಹಾಕಬೇಕು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುವ ಫೈಲಿನ ಮಿತಿ 2 ಜಿಬಿ. ವಿಡಿಯೊ ಆಗಿ ಕಳಿಸಿದರೆ ಅದು ಮತ್ತೆ ಕುಗ್ಗಿಸುವುದರಿಂದ ಡಾಕ್ಯುಮೆಂಟೇ ಸರಿ. ಎರಡು ಗಂಟೆಯ ವಿಡಿಯೊ, ಗುರಿ 1900 ಎಂಬಿ ಎಂದುಕೊಳ್ಳಿ. ಬೈಟನ್ನು ಬಿಟ್ ಮಾಡಲು 8ರಿಂದ ಗುಣಿಸಿದರೆ 15,200 ಮೆಗಾಬಿಟ್; 7200 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2110 ಕಿಲೋಬಿಟ್. ಧ್ವನಿಗೆ 160 ಕಳೆದರೆ 1950. ಕಂಟೇನರಿಗೆ ಒಂದಿಷ್ಟು ಬಿಟ್ಟು ‘ಆವರೇಜ್ ಬಿಟ್‌ರೇಟ್’ನಲ್ಲಿ 1900 ಹಾಕಿ, ಮಲ್ಟಿಪಾಸ್ ಟಿಕ್ ಮಾಡಿ. ಮೊದಲ ಸುತ್ತಿನಲ್ಲಿ ಎಲ್ಲಿ ಚಲನೆ ಹೆಚ್ಚು ಎಂದು ಅಳೆದು, ಎರಡನೇ ಸುತ್ತಿನಲ್ಲಿ ಬಿಟ್‌ಗಳನ್ನು ಅದಕ್ಕೆ ತಕ್ಕಂತೆ ಹಂಚುತ್ತದೆ. ಕಿಲೋಬಿಟ್‌ಗೂ ಕಿಲೋಬೈಟ್‌ಗೂ ಗೊಂದಲವಾದರೆ ಉತ್ತರ ಎಂಟು ಪಟ್ಟು ತಪ್ಪುತ್ತದೆ.

ಎನ್‌ಕೋಡರ್ ಆಯ್ಕೆಯಲ್ಲಿ ನಮ್ಮ ಅಭಿಪ್ರಾಯ ಖಚಿತ: ಎಲ್ಲ ಕಡೆ ಓಡಬೇಕಾದರೆ ಎಚ್.264 8 ಬಿಟ್, ಜಾಗ ಉಳಿಸಬೇಕಾದರೆ ಎಚ್.265. 1.6 ಆವೃತ್ತಿಯಿಂದ ಎವಿ1 ಎನ್‌ಕೋಡರ್ ಕೂಡ ಇದೆ, ಆದರೆ ಹಳೆಯ ಟಿವಿ, ಫೋನ್‌ಗಳು ಅದನ್ನು ಬಿಚ್ಚಲಾರವು. ಎಚ್.264ರ 10 ಬಿಟ್ ಆಯ್ಕೆಯ ಹತ್ತಿರ ಹೋಗಬೇಡಿ, ಟಿವಿಗಳು ಅದನ್ನು ಸಾಮಾನ್ಯವಾಗಿ ಓಡಿಸುವುದಿಲ್ಲ. ಎನ್‌ವೆಂಕ್, ಕ್ವಿಕ್‌ಸಿಂಕ್, ವಿಸಿಎನ್, ವಿಡಿಯೊಟೂಲ್‌ಬಾಕ್ಸ್ ಎಂದು ಕಾಣುವವು ಗ್ರಾಫಿಕ್ಸ್ ಚಿಪ್ ಬಳಸುವ ಹಾರ್ಡ್‌ವೇರ್ ಎನ್‌ಕೋಡರ್‌ಗಳು. ಬಹಳ ಬೇಗ ಮುಗಿಸುತ್ತವೆ, ಆದರೆ ಅದೇ ಗುಣಮಟ್ಟಕ್ಕೆ ಫೈಲ್ ದೊಡ್ಡದು. ಒಂದು ಎನ್‌ಕೋಡರ್‌ನ ಅಂಕಿ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂಬುದು ನೆನಪಿರಲಿ: ಎಕ್ಸ್264ರ ಅಳತೆಪಟ್ಟಿ 51ರವರೆಗೆ, ಎಸ್‌ವಿಟಿ ಎವಿ1ರದ್ದು 63ರವರೆಗೆ, ಮ್ಯಾಕ್‌ನ ವಿಡಿಯೊಟೂಲ್‌ಬಾಕ್ಸ್‌ನಲ್ಲಂತೂ ಅಂಕಿ ಏರಿದಷ್ಟೂ ಗುಣಮಟ್ಟ ಹೆಚ್ಚು. ಸಂಗ್ರಹಕ್ಕೆ ಇಡುವ ಫೈಲನ್ನು ಎಕ್ಸ್264 ಅಥವಾ ಎಕ್ಸ್265ರಲ್ಲಿ, ಎನ್‌ಕೋಡರ್ ಪ್ರಿಸೆಟ್ ‘ಸ್ಲೋ’ ಮಾಡಿ ರಾತ್ರಿಯಿಡೀ ಓಡಲು ಬಿಡುವುದೇ ಸರಿ. ಪ್ರಾಸೆಸರ್ ಪೂರ್ತಿ ಬಳಕೆಯಾಗುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡಬೇಡಿ.

ಫೋನಿನ ವಿಡಿಯೊ

ಫೋನ್‌ಗಳು ಬೆಳಕಿಗೆ ತಕ್ಕಂತೆ ಫ್ರೇಮ್‌ರೇಟನ್ನು ಏರಿಳಿಸುತ್ತವೆ. ಇಂಥ ವೇರಿಯಬಲ್ ಫ್ರೇಮ್‌ರೇಟ್ ಫೈಲನ್ನು ನೇರವಾಗಿ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದರೆ ಶುರುವಿನಲ್ಲಿ ಸರಿಯಿದ್ದ ತುಟಿ ಚಲನೆ ಹೋಗ್ತಾ ಹೋಗ್ತಾ ಮಾತಿನಿಂದ ಸರಿಯುತ್ತದೆ. ಹ್ಯಾಂಡ್‌ಬ್ರೇಕ್ ಇದಕ್ಕೆ ಅತ್ಯುತ್ತಮ ಮದ್ದು. ಪ್ರಿಸೆಟ್ ಪಟ್ಟಿಯ ‘ಪ್ರೊಡಕ್ಷನ್ ಸ್ಟ್ಯಾಂಡರ್ಡ್’ ಆರಿಸಿ, ಫ್ರೇಮ್‌ರೇಟ್ 30 ಅಥವಾ 60, ಕಾನ್‌ಸ್ಟಂಟ್ ಎಂದು ಖಚಿತಪಡಿಸಿಕೊಂಡು ಒಂದು ಮಧ್ಯಂತರ ಪ್ರತಿ ತೆಗೆದು ಅದನ್ನು ಎಡಿಟ್ ಮಾಡಿ. ಫೈಲ್ ದೊಡ್ಡದಾಗುತ್ತದೆ, ಆಗಲಿ.

ಐಫೋನ್ 12ರಿಂದ ಈಚಿನ ಫೋನ್‌ಗಳು ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣಗಳ ಹೆಚ್ಚಿನ ವ್ಯಾಪ್ತಿ ಹಿಡಿಯುವ ವಿಧಾನ) ರೆಕಾರ್ಡ್ ಮಾಡುತ್ತವೆ. ಅದನ್ನು ಮಾಮೂಲಿ ಎಚ್.264 8 ಬಿಟ್‌ಗೆ ಇಳಿಸಿದರೆ ಬಣ್ಣ ತೊಳೆದುಹೋದಂತೆ ಕಾಣುತ್ತದೆ. ಎಚ್‌ಡಿಆರ್ ಉಳಿಸಿಕೊಳ್ಳಲು ಎಚ್.265 10 ಬಿಟ್ ಆರಿಸಿ. ಹಳೆಯ ಟಿವಿಗೆ ಬೇಕಿದ್ದರೆ ಫಿಲ್ಟರ್ಸ್‌ನ ‘ಕಲರ್‌ಸ್ಪೇಸ್’ನಲ್ಲಿ ಮಾಮೂಲಿ ಎಚ್‌ಡಿ ಟಿವಿಯ ಬಣ್ಣಪದ್ಧತಿಯಾದ ಬಿಟಿ.709 ಆರಿಸಿ ತುಣುಕು ತೆಗೆದು ನೋಡಿ.

ಧ್ವನಿ, ಸಬ್‌ಟೈಟಲ್

ಸ್ಟೀರಿಯೊಗೆ ಎಎಸಿ 160 ಕೆಬಿಪಿಎಸ್ ಮಾತಿಗೆ ಬೇಕಾದಷ್ಟಾಯಿತು, ಸಂಗೀತಕ್ಕೆ 256 ಕೊಡಿ. 5.1 ಇದ್ದ ಡಿಸ್ಕಾದರೆ ಎಸಿ3 ಪಾಸ್‌ಥ್ರೂ ಎಂಬ ಎರಡನೇ ಟ್ರ್ಯಾಕ್ ಸೇರಿಸಿ, ಇಲ್ಲದಿದ್ದರೆ ಸುತ್ತಲಿನ ಸ್ಪೀಕರ್‌ಗಳ ಧ್ವನಿ ಪ್ರತ್ಯೇಕವಾಗಿ ಉಳಿಯುವುದಿಲ್ಲ. ಸ್ಯಾಂಪಲ್‌ರೇಟ್ ‘ಆಟೊ’ ಬಿಡಿ. ಡಿವಿಡಿಯ 48 ಕಿಲೋಹರ್ಟ್ಸ್ ಅನ್ನು 44.1ಕ್ಕೆ ಇಳಿಸಿ ಲಾಭವಿಲ್ಲ. ಭಾಗವತರ ದನಿ ಮೆಲ್ಲಗಿದೆಯೆಂದು ‘ಗೇನ್’ 6 ಡೆಸಿಬೆಲ್ ಏರಿಸಿದರೆ ಚೆಂಡೆಯ ಪೆಟ್ಟು ಮಿತಿ ಮೀರಿ ಒಡೆಯುತ್ತದೆ. ಆ ಕೆಲಸ ಆಡಾಸಿಟಿಯಂಥ ಧ್ವನಿ ತಂತ್ರಾಂಶಕ್ಕೆ ಬಿಡಿ.

ಕನ್ನಡ ಸಬ್‌ಟೈಟಲ್ ಸೇರಿಸುವವರು ಅದರ ಪಠ್ಯವಿರುವ ಎಸ್‌ಆರ್‌ಟಿ ಫೈಲ್ ಯೂನಿಕೋಡ್‌ನಲ್ಲಿದೆಯೇ ಎಂದು ಮೊದಲು ನೋಡಬೇಕು. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತದೆ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು ಯುಟಿಎಫ್-8 ಆಗಿ ಉಳಿಸಿ. ಹ್ಯಾಂಡ್‌ಬ್ರೇಕ್‌ನಲ್ಲಿ ‘ಇಂಪೋರ್ಟ್’ ಮಾಡುವಾಗಲೂ ಕ್ಯಾರೆಕ್ಟರ್ ಕೋಡ್ ಯುಟಿಎಫ್-8 ಇರಲಿ. ಪ್ರತ್ಯೇಕ ಟ್ರ್ಯಾಕ್ ಆಗಿ ಇಟ್ಟರೆ ಬೇಕಾದಾಗ ಆಫ್ ಮಾಡಬಹುದು, ಆದರೆ ಒತ್ತಕ್ಷರ ಕೂಡಿಸಲು ಬಾರದ ಟಿವಿಗಳಲ್ಲಿ ‘ಸ್ವಾತಂತ್ರ್ಯ’ದಂಥ ಪದ ಚೆಲ್ಲಾಪಿಲ್ಲಿಯಾಗುತ್ತದೆ. ಅಂಥಲ್ಲಿ ‘ಬರ್ನ್ ಇನ್’ ಮಾಡಿದರೆ ಅಕ್ಷರಗಳು ಚಿತ್ರದಲ್ಲೇ ಅಚ್ಚಾಗುತ್ತವೆ. ಎನ್‌ಕೋಡ್ ಮಾಡುವ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಬೇಕು, ವಿಂಡೋಸ್‌ನ ನಿರ್ಮಲ ಯುಐ ಸಾಕು. ಬ್ಲೂರೇಯಿಂದ ಬರುವ ಪಿಜಿಎಸ್ ಎಂಬ ಚಿತ್ರರೂಪದ ಸಬ್‌ಟೈಟಲ್ ಎಂಪಿ4ನಲ್ಲಿ ಪ್ರತ್ಯೇಕವಾಗಿ ಕೂರುವುದಿಲ್ಲ, ಅದಕ್ಕೆ ಎಂಕೆವಿಯೇ ಬೇಕು.

ಹಲವು ಫೈಲ್‌ಗಳಿದ್ದರೆ ಸೆಟ್ಟಿಂಗ್‌ಗಳನ್ನು ಸ್ವಂತ ಪ್ರಿಸೆಟ್ ಆಗಿ ಉಳಿಸಿ, ಎಲ್ಲವನ್ನೂ ‘ಕ್ಯೂ’ಗೆ ಸೇರಿಸಿ. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡುವ ಆಯ್ಕೆಯೂ ಇದೆ. ಯಾವುದಾದರೂ ನಡುವೆ ನಿಂತರೆ ‘ಆಕ್ಟಿವಿಟಿ ಲಾಗ್’ ತೆರೆಯಿರಿ. ಕಾರಣ ಬಹುತೇಕ ಅದರ ಕೊನೆಯ ಸಾಲುಗಳಲ್ಲಿರುತ್ತದೆ. ಫೈಲ್ ಬಂದ ಮೇಲೆ ಬರೀ ಶುರು ನೋಡಿ ಸರಿಯಿದೆ ಅನ್ನಬೇಡಿ. ಕೊನೆಯ ಐದು ನಿಮಿಷಕ್ಕೆ ಹೋಗಿ ತುಟಿಗೂ ಮಾತಿಗೂ ಹೊಂದಿಕೆ ನೋಡಿ, ಒಟ್ಟು ಅವಧಿಯನ್ನು ಮೂಲದ ಜೊತೆ ಹೋಲಿಸಿ. ಹಾರ್ಡ್‌ಡಿಸ್ಕಿನಲ್ಲಿ ಜಾಗ ಇರುವವರೆಗೂ ಮೂಲ ಫೈಲ್ ಅಳಿಸಬೇಡಿ.